ಸೋಮವಾರಪೇಟೆ ಉತ್ತರಿಸದ ದಿನ ಹುಡುಕಾಟವೇ ನಿಲ್ಲಬೇಕೇ?

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘಕ್ಕೆ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರಗಳಲ್ಲಿ ಗೋದಾಮುಗಳಿವೆ. ತೂಕದ ಚೀಟಿಗಳ ವಿವರ ಆಯಾ ಊರಿನ ಎಲಾಸ್ಟಿಕ್‌ಸರ್ಚ್ ಕ್ಲಸ್ಟರಿನಲ್ಲೇ, ಅಂದರೆ ಮಾಹಿತಿ ಕೂಡಿಟ್ಟು ಹುಡುಕಿಕೊಡುವ ತಂತ್ರಾಂಶವಿರುವ ಸರ್ವರುಗಳ ಗುಂಪಿನಲ್ಲೇ, ಇರುತ್ತದೆ. ಮಡಿಕೇರಿಯ ಕ್ಲಸ್ಟರಿನಿಂದ ಹೆಸರು ಕೊಟ್ಟರೆ ಮೂರೂ ಕಡೆ ಹುಡುಕುವಂತೆ ಜೋಡಿಸಿದ್ದೇವೆ; ಎಲ್ಲೆಡೆ ಆವೃತ್ತಿ 8.13. ಮಳೆಗಾಲದಲ್ಲಿ ಸೋಮವಾರಪೇಟೆಯ ಸಂಪರ್ಕ ಕಡಿದರೆ ಉಳಿದೆರಡು ಊರುಗಳ ಚೀಟಿಗಳೂ ಬರುವುದಿಲ್ಲ. ಕೆಲವೊಮ್ಮೆ ಪರದೆ ಬಹಳ ಹೊತ್ತು ಸುಮ್ಮನೆ ನಿಂತುಬಿಡುತ್ತದೆ. ಎಲ್ಲವನ್ನೂ ಮಡಿಕೇರಿಗೇ ತಂದುಬಿಡುವುದು ಒಳ್ಳೆಯದೇ?
— ಓದುಗರು, ಮಡಿಕೇರಿ

ಉತ್ತರ: ತರಬೇಡಿ. ನಿಮ್ಮ ಜೋಡಣೆ ಸರಿಯಾಗಿಯೇ ಇದೆ, ಒಂದು ಊರು ಉತ್ತರಿಸದಿದ್ದರೆ ಏನಾಗಬೇಕು ಎಂಬುದನ್ನು ಮಾತ್ರ ನೀವಿನ್ನೂ ತೀರ್ಮಾನಿಸಿಲ್ಲ.

ದೂರದ ಪ್ರತಿ ಕ್ಲಸ್ಟರಿಗೂ ‘ಸ್ಕಿಪ್ ಅನ್‌ಅವೈಲೆಬಲ್’ (ಸಿಗದ ಕ್ಲಸ್ಟರನ್ನು ಬಿಟ್ಟು ಮುಂದೆ ಹೋಗುವುದು) ಎಂಬ ಸೆಟ್ಟಿಂಗ್ ಇರುತ್ತದೆ. ನಿಮ್ಮ ಆವೃತ್ತಿಯಲ್ಲಿ ಅದು ತಾನಾಗಿ ‘ಫಾಲ್ಸ್’. ಹಾಗೆಂದರೆ ಮೂವರಲ್ಲಿ ಒಬ್ಬರು ಸಿಗದಿದ್ದರೂ ಇಡೀ ಹುಡುಕಾಟ ದೋಷವೆಂದು ಹಿಂತಿರುಗುತ್ತದೆ. 8.15ರಿಂದ ಇದನ್ನೇ ‘ಟ್ರೂ’ ಮಾಡಿದ್ದಾರೆ. ನೀವು ಆವೃತ್ತಿ ಬದಲಿಸುವವರೆಗೆ ಕಾಯಬೇಕಿಲ್ಲ. ಮಡಿಕೇರಿಯ ಕ್ಲಸ್ಟರಿನಲ್ಲಿ ಮೂರು ಊರುಗಳಿಗೂ ‘ಟ್ರೂ’ ಎಂದು ಬರೆದರೆ ಸಾಕು, ಯಾವ ಸರ್ವರನ್ನೂ ನಿಲ್ಲಿಸಿ ಮತ್ತೆ ಆರಂಭಿಸಬೇಕಾಗಿಲ್ಲ.

ಆದರೆ ಅಷ್ಟಕ್ಕೇ ಬಿಟ್ಟರೆ ಇದಕ್ಕಿಂತ ಕೆಟ್ಟದ್ದು ಆಗುತ್ತದೆ. ಗೋಣಿಕೊಪ್ಪದ ಒಂದು ಖರೀದಿ ಕೇಂದ್ರದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ರೊಬಸ್ಟಾ ಚೆರಿಯನ್ನು ಗೋದಾಮಿನಲ್ಲಿಟ್ಟು ಒಳ್ಳೆಯ ಬೆಲೆಗಾಗಿ ಕಾದಿದ್ದ ಹಿರಿಯರೊಬ್ಬರು ಆಷಾಢದ ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದರು. ಗುಮಾಸ್ತರು ಪರದೆ ನೋಡಿ, ‘ನಿಮ್ಮ ಹೆಸರಿನಲ್ಲಿ ದಾಸ್ತಾನು ಇಲ್ಲವಲ್ಲ’ ಎಂದರು. ದಾಸ್ತಾನು ಇತ್ತು. ಆ ಗೋದಾಮಿನ ಕ್ಲಸ್ಟರ್ ಆ ಗಳಿಗೆಯಲ್ಲಿ ಸಿಕ್ಕಿರಲಿಲ್ಲ, ಅದನ್ನು ಬಿಟ್ಟು ಹುಡುಕಿದ ಸಂಗತಿಯನ್ನು ಪರದೆ ಹೇಳಿರಲಿಲ್ಲ. ವರ್ಷದ ದುಡಿಮೆಯೇ ಇಲ್ಲವೆಂದು ಕೇಳಿಸಿಕೊಂಡ ಆ ಮುಖವನ್ನು ನಾನು ಮರೆಯಲಾರೆ. ‘ಇಲ್ಲ’ ಎನ್ನುವುದೂ ‘ಈಗ ಗೊತ್ತಾಗುತ್ತಿಲ್ಲ’ ಎನ್ನುವುದೂ ಒಂದೇ ಅಲ್ಲ.

ಹುಡುಕಾಟದ ಉತ್ತರದಲ್ಲೇ ‘ಕ್ಲಸ್ಟರ್ಸ್’ ಎಂಬ ಭಾಗ ಬರುತ್ತದೆ. ಒಟ್ಟು ಎಷ್ಟು ಕ್ಲಸ್ಟರುಗಳನ್ನು ಕೇಳಲಾಯಿತು, ಎಷ್ಟು ಉತ್ತರಿಸಿದವು, ಎಷ್ಟನ್ನು ಬಿಟ್ಟು ಮುಂದೆ ಹೋಗಲಾಯಿತು ಎಂಬುದು ಅಲ್ಲಿರುತ್ತದೆ. ಅದರೊಳಗಿನ ‘ಡೀಟೇಲ್ಸ್’ನಲ್ಲಿ ಪ್ರತಿಯೊಂದರ ಸ್ಥಿತಿ ಹೆಸರು ಸಮೇತ ಸಿಗುತ್ತದೆ. ‘ಸ್ಕಿಪ್ಡ್’ ಸೊನ್ನೆಗಿಂತ ಹೆಚ್ಚಿದ್ದರೆ ಪರದೆಯ ಮೇಲ್ಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಸೋಮವಾರಪೇಟೆಯ ವಿವರ ಈಗ ಸಿಗುತ್ತಿಲ್ಲ’ ಎಂದು ಬರಲಿ. ಇದನ್ನು ಮಾಡದೆ ಮೊದಲಿನ ಸೆಟ್ಟಿಂಗನ್ನು ಬದಲಿಸಲೇಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಪರದೆ ಸ್ತಬ್ಧವಾಗುವ ವಿಚಾರ. ಮರ ಬಿದ್ದು ತಂತಿ ಕಡಿದಾಗ ಆ ಕಡೆಯ ಸರ್ವರ್ ‘ನಾನು ಹೊರಟೆ’ ಎಂದು ಹೇಳಿ ಹೋಗುವುದಿಲ್ಲ. ಸರ್ವರುಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಉತ್ತರಕ್ಕಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ ಎಂಬುದನ್ನು ಹೇಳುವ ‘ಟಿಸಿಪಿ ರಿಟ್ರೈಸ್ 2’ ಎಂಬ ಮೌಲ್ಯ ಸಾಮಾನ್ಯವಾಗಿ 15 ಇರುತ್ತದೆ. ಹಾಗಿದ್ದರೆ ಸಂಪರ್ಕ ಸತ್ತಿದೆ ಎಂದು ಒಪ್ಪಿಕೊಳ್ಳಲು 900 ಸೆಕೆಂಡುಗಳಿಗೂ ಹೆಚ್ಚು ಬೇಕು. ಎಲಾಸ್ಟಿಕ್‌ಸರ್ಚ್‌ನವರೇ ಇದನ್ನು 5ಕ್ಕೆ ಇಳಿಸಲು ಹೇಳುತ್ತಾರೆ, ಆಗ ಸುಮಾರು ಆರು ಸೆಕೆಂಡುಗಳಲ್ಲಿ ತಿಳಿಯುತ್ತದೆ. ನಾಲ್ಕೂ ಊರುಗಳ ಸರ್ವರುಗಳಲ್ಲಿ ಬದಲಿಸಿ.

ಸಂಪರ್ಕ ಚೆನ್ನಾಗಿದ್ದಾಗಲೂ ನಿಧಾನವೆನಿಸಿದರೆ ನಿಮ್ಮ ತಂತ್ರಾಂಶ ‘ಸ್ಕ್ರೋಲ್’ (ಫಲಿತಾಂಶಗಳನ್ನು ಕಂತು ಕಂತಾಗಿ ತರಿಸುವ ಒಂದು ವಿಧಾನ) ಬಳಸುತ್ತಿದೆಯೇ ಎಂದು ನೋಡಿ. ಸಾಮಾನ್ಯವಾಗಿ ಪ್ರತಿ ದೂರದ ಕ್ಲಸ್ಟರಿಗೂ ಒಂದೇ ವಿನಂತಿ ಹೋಗಿ, ಅಲ್ಲೇ ಹುಡುಕಾಟ ಮುಗಿದು, ಫಲಿತಾಂಶ ಮಾತ್ರ ಘಟ್ಟ ಹತ್ತಿ ಬರುತ್ತದೆ. ‘ಸ್ಕ್ರೋಲ್’ ಇದ್ದರೆ ಈ ಅನುಕೂಲ ತಪ್ಪಿ, ಓಡಾಟ ಹೆಚ್ಚುತ್ತದೆ. ಅದರ ಬದಲು ಚೀಟಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ‘ಸರ್ಚ್ ಆಫ್ಟರ್’ (ಹಿಂದಿನ ಕಂತಿನ ಕೊನೆಯ ಚೀಟಿಯ ನಂತರದವನ್ನು ಕೇಳುವುದು) ಬಳಸಿ.

ಎಲ್ಲವನ್ನೂ ಮಡಿಕೇರಿಗೆ ನಕಲು ಮಾಡುವ ಸೌಲಭ್ಯ ಇದೆ, ಆದರೆ ಅದಕ್ಕೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ದೂರದ ಹುಡುಕಾಟಕ್ಕೆ ಆ ಪರವಾನಗಿ ಬೇಡ. ನಿಮ್ಮ ಸಂಘದ ಹಣ ಅದಕ್ಕೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು: ಕ್ಲಸ್ಟರುಗಳು ಮಾತನಾಡುವ 9300 ಪೋರ್ಟನ್ನು (ಸರ್ವರಿನ ಸಂಪರ್ಕ ದ್ವಾರ) ಸಾರ್ವಜನಿಕ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ವಿಪಿಎನ್ (ನಿಮ್ಮವರಿಗಷ್ಟೇ ತೆರೆದಿರುವ ಖಾಸಗಿ ಜಾಲ) ಒಳಗೇ ಇರಲಿ.

ಅರೇಬಿಕಾ ಕೊಯ್ಲು ಶುರುವಾಗುವ ಮೊದಲು, ಕಚೇರಿ ಮುಚ್ಚಿದ ಮೇಲೆ ಒಂದು ಸಂಜೆ ಸೋಮವಾರಪೇಟೆಯ ರೂಟರಿನ ತಂತಿಯನ್ನು ತೆಗೆಸಿ ಮಡಿಕೇರಿಯಿಂದ ಹುಡುಕಿ ನೋಡಿ. ಉಳಿದೆರಡು ಊರುಗಳ ಚೀಟಿಗಳು ಕೆಲವೇ ಸೆಕೆಂಡುಗಳಲ್ಲಿ ಬಂದು, ಮೇಲೆ ಎಚ್ಚರಿಕೆಯೂ ಕಾಣಿಸಬೇಕು. ಕಾಣಿಸದಿದ್ದರೆ ‘ಕ್ಲಸ್ಟರ್ಸ್’ ಭಾಗವನ್ನು ಪೂರ್ತಿ ನಕಲಿಸಿ ನನಗೆ ಬರೆಯಿರಿ.