ಶೂ ಡಬ್ಬಿಯಷ್ಟು ಉಪಗ್ರಹ ಭೂಮಿಯ ಹವಾಗುಣವನ್ನು ಅಳೆಯಬಲ್ಲುದೇ?

ಪ್ರಶ್ನೆ: ಶೂ ಡಬ್ಬಿಯಷ್ಟು ಚಿಕ್ಕ ಉಪಗ್ರಹಗಳೂ ಹವಾಗುಣ ಬದಲಾವಣೆಯನ್ನು ಗಮನಿಸುತ್ತಿವೆ ಎಂದು ಓದಿದೆ. ಹಾಗಿದ್ದರೆ ಟನ್‌ಗಟ್ಟಲೆ ತೂಗುವ ದೊಡ್ಡ ಉಪಗ್ರಹಗಳು ಇನ್ನೂ ಏಕೆ ಬೇಕು?

ಉತ್ತರ: ನೀವು ಓದಿದ್ದು ನಿಜ. ಇಂಥ ಚಿಕ್ಕ ಉಪಗ್ರಹಗಳಿಗೆ ಕ್ಯೂಬ್‌ಸ್ಯಾಟ್ ಎನ್ನುತ್ತಾರೆ. ಅದರ ಒಂದು ಘಟಕವೆಂದರೆ ಎಲ್ಲ ಬದಿಗಳೂ 10 ಸೆಂಟಿಮೀಟರ್ ಇರುವ ಘನ. ಅಂಥ ಆರು ಘಟಕಗಳು ಸೇರಿದರೆ ಶೂ ಡಬ್ಬಿಯ ಗಾತ್ರವಾಗುತ್ತದೆ. 2024ರ ಮೇ ಮತ್ತು ಜೂನ್‌ನಲ್ಲಿ ನಾಸಾ ಕಕ್ಷೆಗೆ ಸೇರಿಸಿದ ಪ್ರಿಫೈರ್ ಯೋಜನೆಯ ಎರಡು ಉಪಗ್ರಹಗಳು ಈ ಗಾತ್ರದವೇ. ಧ್ರುವ ಪ್ರದೇಶಗಳಿಂದ ಬಾಹ್ಯಾಕಾಶಕ್ಕೆ ಹೋಗುವ ಶಾಖದ ಬಹುಪಾಲು 15 ಮೈಕ್ರೊಮೀಟರ್‌ಗಿಂತ ಉದ್ದನೆಯ ಅವಕೆಂಪು ತರಂಗಗಳಲ್ಲಿ ಹೊರಡುತ್ತದೆ. ದೊಡ್ಡ ಉಪಗ್ರಹಗಳು ಕ್ರಮಬದ್ಧವಾಗಿ ಅಳೆಯದೆ ಬಿಟ್ಟಿದ್ದ ಈ ಪಾಲನ್ನು ಅಳೆಯಲೆಂದೇ ಇವು ಹೋಗಿವೆ.

ಚಿಕ್ಕವುಗಳ ಇನ್ನೊಂದು ಅನುಕೂಲವೆಂದರೆ ಹಲವನ್ನು ಒಟ್ಟಿಗೆ ಹಾರಿಸಬಹುದು. ಚಂಡಮಾರುತಗಳನ್ನು ಗಮನಿಸುವ ಟ್ರಾಪಿಕ್ಸ್ ಯೋಜನೆಯ ಮೊದಲ ಜೋಡಿ 2022ರ ಜೂನ್‌ನಲ್ಲಿ ರಾಕೆಟ್ ವಿಫಲವಾಗಿ ನಷ್ಟವಾಯಿತು. ಆದರೂ ಯೋಜನೆ ನಿಲ್ಲಲಿಲ್ಲ, ಮರುವರ್ಷದ ಮೇ ತಿಂಗಳಲ್ಲಿ ಉಳಿದ ನಾಲ್ಕೂ ಕಕ್ಷೆ ಸೇರಿದವು. ಒಂದೇ ದೊಡ್ಡ ಉಪಗ್ರಹವಾಗಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು.

ಕಷ್ಟವಿರುವುದು ಅಳತೆಯ ನಿಖರತೆಯಲ್ಲಿ. ಭೂಮಿಗೆ ಬರುವ ಸೌರಶಕ್ತಿ ಚದರ ಮೀಟರಿಗೆ ಸರಾಸರಿ 340 ವ್ಯಾಟ್. ಅದರಲ್ಲಿ ಹಿಂದಿರುಗದೆ ಇಲ್ಲಿಯೇ ಉಳಿದು ಸಾಗರಗಳನ್ನೂ ವಾತಾವರಣವನ್ನೂ ಬಿಸಿ ಮಾಡುತ್ತಿರುವುದು ಸುಮಾರು 1 ವ್ಯಾಟ್ ಮಾತ್ರ. ಅಂದರೆ ಉಪಕರಣ ಶೇ 0.3ರಷ್ಟು ತಪ್ಪು ತೋರಿಸಿದರೂ ನಾವು ಹುಡುಕುತ್ತಿರುವ ವ್ಯತ್ಯಾಸವೇ ಆ ತಪ್ಪಿನೊಳಗೆ ಮುಚ್ಚಿಹೋಗುತ್ತದೆ. ಬಾಹ್ಯಾಕಾಶದಲ್ಲಿ ಸಂವೇದಕಗಳು ದಿನ ಕಳೆದಂತೆ ಮಂಕಾಗುವುದು ಸಹಜವಾದ್ದರಿಂದ, ಅವನ್ನು ಆಗಾಗ ಒರೆಗೆ ಹಚ್ಚಲು ಬೇಕಾದ ವ್ಯವಸ್ಥೆಗಳನ್ನು ದೊಡ್ಡ ಉಪಗ್ರಹಗಳು ತಮ್ಮೊಳಗೇ ಹೊತ್ತೊಯ್ಯುತ್ತವೆ. ಚಿಕ್ಕವುಗಳಲ್ಲಿ ಅದಕ್ಕೆ ಜಾಗವೇ ಸಾಲದು. 2016ರಲ್ಲಿ ಹಾರಿದ ಮೂರು ಘಟಕಗಳ ರೇವನ್ ಇದಕ್ಕೊಂದು ಸೊಗಸಾದ ಉಪಾಯ ಮಾಡಿತು. ಅದರ ಸಂವೇದಕದ ಮುಚ್ಚಳದಲ್ಲಿ ಗ್ಯಾಲಿಯಂ ಲೋಹವಿತ್ತು. ಅದು ಕರಗುವುದು ಸುಮಾರು 29.8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರಗಿ ಮುಗಿಯುವ ತನಕ ಆ ಉಷ್ಣತೆ ಅಲುಗುವುದಿಲ್ಲ. ಮುಚ್ಚಳ ಹಾಕಿಕೊಂಡಾಗ ಸಂವೇದಕಕ್ಕೆ ಎದುರಾಗುವುದು ಈ ಸ್ಥಿರವಾದ ಶಾಖ. ನನಗೆ ಬಹಳ ಮೆಚ್ಚುಗೆಯಾದ ವಿನ್ಯಾಸವಿದು.

ಇನ್ನು ಆಯುಸ್ಸಿನ ಮಾತು. ಹವಾಗುಣದ ಸರಾಸರಿಗೆ 30 ವರ್ಷಗಳ ದಾಖಲೆ ಬೇಕು. ಚಿಕ್ಕ ಉಪಗ್ರಹ ಬಾಳುವುದು ಸಾಮಾನ್ಯವಾಗಿ ಕೆಲವೇ ವರ್ಷ. ಆದ್ದರಿಂದ ಹೊಸದು ಹಳೆಯದರ ಜೊತೆಗೇ ಸ್ವಲ್ಪ ಕಾಲ ಹಾರಿ, ಎರಡೂ ಒಂದೇ ಜಾಗವನ್ನು ಅಳೆದು, ಅಂಕಿಗಳು ತಾಳೆಯಾಗಬೇಕು. 1999ರಲ್ಲಿ ಹಾರಿದ ಸುಮಾರು 5 ಟನ್ ತೂಕದ ಟೆರ್ರಾ ಎರಡು ದಶಕಕ್ಕೂ ಮೀರಿ ಅಳತೆ ನೀಡಿದ್ದರಿಂದಲೇ, ಅನಂತರ ಬಂದವುಗಳಿಗೆ ಹೀಗೆ ತಾಳೆ ನೋಡಲು ಒಂದು ಆಧಾರ ಸಿಕ್ಕಿತು.