ಓದುಗರ ಪ್ರಶ್ನೆ: 1,200 ಅಡಿ ಎಲ್ಲಿ ಹೋಯಿತು?

ಬೆಂಗಳೂರಿನಲ್ಲಿ 1,200 ಚದರಡಿಯ ಫ್ಲ್ಯಾಟ್ ನೋಡಿದ್ದೇವೆ, ಅಡಿಗೆ 7,000 ರೂ. ಒಳಗೆ ನಿಂತರೆ ಅಷ್ಟು ಜಾಗ ಕಾಣುವುದೇ ಇಲ್ಲವಲ್ಲ?
— ಓದುಗರು, ತುಮಕೂರು

ಕಾಣುವುದಿಲ್ಲ, ಏಕೆಂದರೆ ಅಷ್ಟು ಜಾಗ ಒಳಗಿಲ್ಲ. ನಿಮಗೆ ಹೇಳಿರುವುದು ಸೂಪರ್ ಬಿಲ್ಟ್‌ಅಪ್. ಹೊರಗೋಡೆ, ಬಾಲ್ಕನಿಯಷ್ಟೇ ಅಲ್ಲ, ಮೆಟ್ಟಿಲು, ಲಿಫ್ಟ್, ಕಾರಿಡಾರ್‌ನಲ್ಲಿ ನಿಮ್ಮ ಪಾಲೂ ಅದರಲ್ಲಿ ಸೇರಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಿಡಿಸಿ ಹೇಳಿರುವುದು ಕಾರ್ಪೆಟ್ ಏರಿಯಾವನ್ನು: ಒಳಗಿನ ನೆಲ ಮತ್ತು ಕೋಣೆಗಳ ನಡುವಿನ ಗೋಡೆ ಲೆಕ್ಕಕ್ಕೆ ಬರುತ್ತವೆ, ಹೊರಗೋಡೆ, ಪೈಪುಗಳು ಹಾಯುವ ಶಾಫ್ಟ್, ನಿಮ್ಮದೇ ಬಾಲ್ಕನಿ, ತೆರೆದ ಟೆರೇಸ್ ಬರುವುದಿಲ್ಲ.

ಮಾರಾಟದ ಕರಾರಿನಲ್ಲಿ ಕಾರ್ಪೆಟ್ 810 ಅಡಿ ಎಂದಿದೆ ಎನ್ನಿ. ಒಟ್ಟು ಬೆಲೆ (1,200 × 7,000) 84 ಲಕ್ಷವನ್ನು 810ರಿಂದ ಭಾಗಿಸಿದರೆ ಅಡಿಗೆ ಸುಮಾರು 10,370 ರೂ. ಬೇರೆ ಫ್ಲ್ಯಾಟ್ ಜೊತೆ ಹೋಲಿಸಬೇಕಾದ ದರ ಇದು.

ಕಾರ್ಪೆಟ್‌ಗೂ ಸೂಪರ್ ಬಿಲ್ಟ್‌ಅಪ್‌ಗೂ ಇರುವ ಅಂತರವೇ ಲೋಡಿಂಗ್. ಬಿಲ್ಡರ್ ‘ಲೋಡಿಂಗ್ ಬರೀ 30%’ ಎಂದರೆ, ಯಾವುದರ ಮೇಲೆ ಎಂದು ಕೇಳಿ. 1,200ರಲ್ಲಿ 30% ಕಳೆದರೆ ಉಳಿಯುವುದು 840. ಕಾರ್ಪೆಟ್ ಮೇಲೆ 30% ಸೇರಿಸಿ 1,200 ಮಾಡಿದ್ದರೆ ಕಾರ್ಪೆಟ್ 923. ನಡುವಿನ 83 ಅಡಿ ಒಂದು ಸಣ್ಣ ಕೋಣೆಯಷ್ಟು! ಕರಾರು ನೋಂದಣಿಯಾಗುವ ಮೊದಲು ಬೆಲೆಯ 10%ಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಆದ್ದರಿಂದ ಇದನ್ನೆಲ್ಲ ಕೇಳಲು ಸಮಯವಿದೆ.

ನಾವೇ ಅಳೆದು ನೋಡಬಹುದೇ?
— ಓದುಗರು, ದಾವಣಗೆರೆ

ಖಂಡಿತ. ಟೇಪನ್ನು ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ಸ್‌ಗೆ ತಾಗಿಸಬೇಡಿ. ಅದಕ್ಕಿಂತ ಮೇಲೆ, ಗಾರೆಯಾದ ಗೋಡೆಯಿಂದ ಗೋಡೆಗೆ ಹಿಡಿಯಿರಿ. ಗೋಡೆ ಸೊಟ್ಟಗಿರುವುದುಂಟು, ಎರಡೆರಡು ಕಡೆ ಅಳೆಯಿರಿ. ಹೆಚ್ಚಿನವರು ಎಡವುವುದು ಇಂಚಿನಲ್ಲಿ: 11 ಅಡಿ 3 ಇಂಚು ಎಂದರೆ 11.25, 11.3 ಅಲ್ಲ. 10 ಅಡಿ 11 ಇಂಚನ್ನು 10.11 ಎಂದು ಬರೆದರೆ ಮುಕ್ಕಾಲು ಅಡಿಗಿಂತ ಹೆಚ್ಚೇ ಕಳೆದುಕೊಂಡಿರಿ. ಕೋಣೆಗಳ ಮೊತ್ತಕ್ಕೆ ಒಳಗೋಡೆಗಳ ಉದ್ದ × ದಪ್ಪ ಸೇರಿಸಿ. ಬಾಗಿಲ ಜಾಗವೂ ಅದರಲ್ಲೇ ಬರುತ್ತದೆ. ಇದನ್ನು ಮರೆತು ಬಿಲ್ಡರ್ ಜೊತೆ ಜಗಳಕ್ಕೆ ಹೋದರೆ ಸೋಲು ನಿಮ್ಮದೇ. ಕರಾರಿನಲ್ಲಿ ಚದರ ಮೀಟರ್ ಇದ್ದರೆ 10.764ರಿಂದ ಗುಣಿಸಿ. ಯುಟಿಲಿಟಿಯನ್ನು (ಅಡುಗೆಮನೆ ಪಕ್ಕದ ಪಾತ್ರೆ-ಬಟ್ಟೆ ತೊಳೆಯುವ ಜಾಗ) ಕಾರ್ಪೆಟ್‌ಗೆ ಸೇರಿಸಿದ್ದಾರೋ ಬಾಲ್ಕನಿಗೋ, ಅದನ್ನೂ ನೋಡಿ.

ನಕ್ಷೆಯ ಅಳತೆ ಗಾರೆಗೆ ಮುಂಚಿನದಾಗಿದ್ದರೆ ಕೋಣೆಗೆ ಇಂಚಿನಷ್ಟು ಕಡಿಮೆ ಬರುವುದು ಸಹಜ. ಅರ್ಧ ಅಡಿ ಕಡಿಮೆ ಬಂದರೆ ಸಹಜವಲ್ಲ.

ಮೇಸ್ತ್ರಿ ‘9 ಚದರ’ ಎಂದದ್ದು ಇದೇ ಲೆಕ್ಕವೇ?
— ಓದುಗರು, ಹಾಸನ

ಅಲ್ಲ. ಒಂದು ಚದರ ಅಂದರೆ 100 ಚದರಡಿ, ಅದೂ ಹೊರಗೋಡೆಯ ಹೊರಮೈಯಿಂದ. 25×36ರ ಮನೆ 9 ಚದರ. ಸುತ್ತ 6 ಇಂಚಿನ ಗೋಡೆ ಕಳೆದರೆ ಒಳಗೆ 24×35, ಅಂದರೆ 840 ಅಡಿ. ಪೋರ್ಟಿಕೊ, ಬಾಲ್ಕನಿ, ತಾರಸಿಯಲ್ಲಿ ಮೆಟ್ಟಿಲ ಮೇಲೆ ಕಟ್ಟುವ ಹೆಡ್‌ರೂಮ್‌ಗೆ ಪೂರ್ತಿ ದರವೋ ಅರ್ಧವೋ ಎಂಬುದನ್ನು ಪಾಯ ತೆಗೆಯುವ ಮೊದಲೇ ಬರೆಸಿಕೊಳ್ಳಿ.