12 ವರ್ಷದ ಕಾರು, ಎಸಿ ರಿಪೇರಿಗೆ 42,000

ನಿಮ್ಮ ಕಾರಿನ ಎಸಿ ಕಂಪ್ರೆಸರ್ (ಗ್ಯಾಸ್ ಒತ್ತುವ ಪಂಪ್) ಹೋಗಿದೆ ಅಂತ ಶೋರೂಮ್‌ನವರು 42,000 ಹೇಳಿದ್ದಾರೆ, ಆದರೆ ಹೈವೇಯಲ್ಲಿ ತಂಪು, ಬಳ್ಳಾರಿ ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ ಅಂತಾನೂ ನೀವೇ ಬರೆದಿದ್ದೀರಿ, ಅದಕ್ಕೇ ನನಗೆ ಕಂಡೆನ್ಸರ್ (ಎಸಿ ಗ್ಯಾಸಿನ ಬಿಸಿ ಹೊರಹಾಕುವ, ಕಾರಿನ ಮುಂಭಾಗದ ಜಾಲರಿ) ಇಲ್ಲವೇ ಅದರ ಫ್ಯಾನ್ ಮೇಲೆ ಅನುಮಾನ. ಓಡುವಾಗ ಅದಕ್ಕೆ ಎದುರುಗಾಳಿ ಸಿಗುತ್ತೆ, ನಿಂತಾಗ ಫ್ಯಾನೇ ಗತಿ. ಸಂಡೂರು ರಸ್ತೆಯಲ್ಲಿ ಓಡಾಡಿ ನನ್ನ ಕಾರಿನ ಕಂಡೆನ್ಸರ್ ಸಂದಿಯಲ್ಲಿ ಅದಿರಿನ ಕೆಂಪು ಧೂಳು ಗಾರೆ ಮೆತ್ತಿದ ಹಾಗೆ ಕೂತಿತ್ತು.

ಮೊದಲು ಗಾಡಿ ನಿಲ್ಲಿಸಿ ಎಸಿ ಹಾಕಿ, ಬಾನೆಟ್ ಎತ್ತಿ ಫ್ಯಾನ್ ತಿರುಗುತ್ತಾ ನೋಡಿ. ಇಲ್ಲ ಅಂದ್ರೆ ಫ್ಯೂಸ್, ರಿಲೇ, ಮೋಟಾರ್ ಚೆಕ್ ಮಾಡಿಸಿ. ತಿರುಗಿದರೆ, ಇಂಜಿನ್ ತಣ್ಣಗಾದ ಮೇಲೆ ಕಂಡೆನ್ಸರ್ ತೊಳೆಸಿ. ಪ್ರೆಶರ್ ವಾಷರ್ ಮಾತ್ರ ಬೇಡ, ಕಂಡೆನ್ಸರ್‌ನ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೂ ತಂಪಾಗದಿದ್ರೆ ಹೊರಗಿನ ಎಸಿ ಮೆಕ್ಯಾನಿಕ್ ಹತ್ರ ಗ್ಯಾಸ್ ಪ್ರೆಶರ್ ನೋಡುವ ಗೇಜ್ ಹಾಕಿಸಿ. ಎಸಿ ಓಡುವಾಗ ಕಂಪ್ರೆಸರ್‌ಗೆ ಗ್ಯಾಸ್ ಹೋಗುವ ಕಡೆ, ಬರುವ ಕಡೆ ಎರಡರಲ್ಲೂ ಪ್ರೆಶರ್ ಹತ್ತಿರ ಹತ್ತಿರ ತೋರಿಸಿದರೆ ಅದು ಗ್ಯಾಸ್ ಒತ್ತುತ್ತಿಲ್ಲ ಅಂತ, ಶೋರೂಮ್‌ನವರು ಹೇಳಿದ್ದೇ ನಿಜ ಇರಬಹುದು. ಆಗಲೂ ಪಾರ್ಟ್ಸ್ ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ, ಅಲ್ಲಿತನಕ ಸುಮ್ನೆ ಅಡ್ವಾನ್ಸ್ ಕೊಡಬೇಡಿ.